ಚಿರೋಟಿ ರವೆಯ ಬೋಲ್ಟು

ಮಾಲೂರಿನ ನಮ್ಮ ಬೋಲ್ಟು ಕಾರ್ಖಾನೆಯಲ್ಲಿ ಉಕ್ಕು ಕಾಯಿಸುವ ಕುಲುಮೆ ಮುನಿಶಾಮಣ್ಣನದು. ಇಪ್ಪತ್ತಾರು ವರ್ಷ ಅದರ ಮುಂದೆ ಬೆಂದ ಆಸಾಮಿ. ಕಾಯಿಸಿದ ತುಂಡೊಂದನ್ನು ಮುರಿದು, ಮುರಿದ ಮುಖವನ್ನು ಬಿಸಿಲಿಗೆ ಹಿಡಿದು ಒಳಗಿನ ಹರಳು ನೋಡುತ್ತಿದ್ದ. ಆ ಹರಳಿಗೆ ನಾವು ಹೇಳುವುದು ರವೆ ಅಂತ. ಸಣ್ಣಗಿದ್ದರೆ ಚಿರೋಟಿ ರವೆ, ದಪ್ಪಗಿದ್ದರೆ ಬನ್ಸಿ ರವೆ. ಶಾಖ ಹೆಚ್ಚಾದರೆ ರವೆ ದಪ್ಪವಾಗುತ್ತದೆ, ಬೋಲ್ಟಿನ ಬಲ ಇಳಿಯುತ್ತದೆ. ಅದಕ್ಕೇ ಅವನಿಗೆ ಬನ್ಸಿ ರವೆ ಕಂಡರಾಗದು.

ಮೇ ತಿಂಗಳಲ್ಲಿ ಶ್ರೀನಿವಾಸಪುರದ ಕಡೆಯ ಒಂದು ಮಾವಿನ ರಸದ ಕಾರ್ಖಾನೆಯವರು ಬಾಯ್ಲರಿನ ಬೆಂಕಿ ಬಾಗಿಲಿಗೆ ಬೋಲ್ಟು ಕೇಳಿದರು. ಅಲ್ಲಿ ಬೆಂಕಿ ನೋಡಿಕೊಳ್ಳುವವನು ಮುನಿಶಾಮಣ್ಣನ ಅಳಿಯ ನರೇಶ್. ಮಾವನೇ ಕಾಯಿಸಬೇಕು ಎಂದು ಹಟ ಹಿಡಿದವನೂ ಅವನೇ. ನಮ್ಮ ಇಂಜಿನಿಯರ್ ಶಿವಾನಿ, ದಪ್ಪ ರವೆ ಬರುವಷ್ಟು ಶಾಖ ಕೊಡಿ ಎಂದು ಚೀಟಿ ಬರೆದಿದ್ದಳು.

"ಈ ಹುಡ್ಗಿಗೆ ಏನ್ ಗೊತ್ತು ಕಣೋ? ನನ್ನ ಅಳಿಯನ್ ಬಾಗಿಲಿಗೆ ಬನ್ಸಿ ರವೆ ಹಾಕ್ತೀನಾ?" ಎಂದು ಮುನಿಶಾಮಣ್ಣ ಶಾಖ ಇಳಿಸಿಯೇಬಿಟ್ಟ. ಹಾಳಾದ ಹೆಮ್ಮೆ! ನಾನೂ ಪಕ್ಕದಲ್ಲಿ ನಿಂತು ಹಲ್ಲು ಕಿಸಿದೆ. ಎಳೆದು ನೋಡುವ ಪರೀಕ್ಷೆಯಲ್ಲಿ ಆ ಬೋಲ್ಟುಗಳು ಆ ವರ್ಷದ ಎಲ್ಲಕ್ಕಿಂತ ಗಟ್ಟಿ ಎನಿಸಿಕೊಂಡವು.

ಮೂರು ವಾರದ ಮೇಲೆ ಶಿವಾನಿ ಉಳಿದಿದ್ದ ತುಂಡೊಂದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಕುಲುಮೆಯ ಹತ್ತಿರ ಓಡಿ ಬಂದಳು.

"ತಣ್ಣಗಿರೋ ಕಡೆ ಸಣ್ಣ ರವೆನೇ ಗಟ್ಟಿ, ಮುನಿಶಾಮಣ್ಣ. ವಾರಗಟ್ಲೆ ಕೆಂಪಗೆ ಕಾದ್ರೆ ಅದೇ ರವೆ ಒಂದರ ಪಕ್ಕ ಒಂದು ಜಾರುತ್ತೆ. ಬೋಲ್ಟ್ ಮುರಿಯಲ್ಲ, ಬಿಗಿ ಬಿಡುತ್ತೆ. ಅದಕ್ಕೇ ದಪ್ಪ ರವೆ ಬರೆದಿದ್ದೆ."

"ಅಯ್ಯೋ ದೇವುಡಾ! ನರೇಶ ಆ ಬಾಗಿಲ ಮುಂದೇನೇ ಇರ್ತಾನಲ್ಲಮ್ಮ!"

ನರೇಶ್ ಫೋನು ಎತ್ತಲಿಲ್ಲ. ಅಲ್ಲಿನ ಮ್ಯಾನೇಜರ್ ಎತ್ತಿ ನಕ್ಕ. "ನಿಮ್ಮ ರಿಪೋರ್ಟೇ ಫಸ್ಟ್ ಕ್ಲಾಸ್ ಅಂತಿದೆ. ಸೀಸನ್ನಲ್ಲಿ ಬಾಯ್ಲರ್ ನಿಲ್ಸೋಕಾಗಲ್ಲ ಕಣ್ರೀ."

"ನಾನೇ ಕೆಡಿಸಿದ್ದೀನಿ ಸ್ವಾಮಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಮುನಿಶಾಮಣ್ಣ ಗೋಗರೆದ. ಫೋನು ಕಟ್ಟಾಯಿತು.

ನನ್ನ ಬೈಕಿನಲ್ಲಿ ಹೊರಟೆವು. ಕೋಲಾರ ದಾಟುವವರೆಗೂ "ಬೇಗ ಓಡ್ಸೋ" ಎಂದು ಬೆನ್ನಿಗೆ ಗುದ್ದುತ್ತಿದ್ದ. ಆಮೇಲೆ ಬರೀ ಅಳು. ಬೈದುಬಿಡೋಣ ಎನಿಸಿತು, ಬೈಕನ್ನು ಇನ್ನಷ್ಟು ಜೋರು ಮಾಡಿದೆ.

ನಾವು ಹೋಗುವಷ್ಟರಲ್ಲಿ ಗೇಟಿನ ಹತ್ತಿರ ಆಂಬುಲೆನ್ಸ್ ನಿಂತಿತ್ತು. ಬಾಗಿಲು ಅಲುಗುತ್ತಿದೆಯೆಂದು ನರೇಶ್ ಸ್ಪ್ಯಾನರ್ ಹಿಡಿದು ಬಿಗಿ ಮಾಡಲು ಹೋಗಿದ್ದನಂತೆ. ಸಂದಿಯಿಂದ ಬೆಂಕಿ ನುಗ್ಗಿ ಎರಡು ಕೈಗಳೂ ಮೊಣಕೈವರೆಗೆ ಸುಟ್ಟಿದ್ದವು.

ನಾಲ್ಕನೇ ದಿನ ಕೋಲಾರದ ಆಸ್ಪತ್ರೆಯಲ್ಲಿ ಮುನಿಶಾಮಣ್ಣ ಅನ್ನ ಕಲಸಿ ಅಳಿಯನಿಗೆ ತಿನ್ನಿಸುತ್ತಿದ್ದ. ಮಗಳು ಮಾನಸ ಪಕ್ಕದ ಮಂಚದವರಿಗೆ ಹೇಳುತ್ತಿದ್ದಳು: "ನಮ್ಮಪ್ಪ ಮಾಡಿದ್ ಬೋಲ್ಟ್ ಆಗಿದ್ದಕ್ಕೆ ಜೀವ ಉಳೀತು. ಬೇರೆಯೋರದ್ದಾಗಿದ್ರೆ ಏನ್ ಗತಿ?" ನರೇಶ್ ಹೌದೆಂದು ತಲೆಯಾಡಿಸಿದ.

"ಇಲ್ಲ ಕಣಮ್ಮ," ಎಂದ ಮುನಿಶಾಮಣ್ಣ. "ಚೀಟೀಲಿ ಬರೆದಿದ್ದೇ ಬೇರೆ, ನಾನು ಮಾಡಿದ್ದೇ ಬೇರೆ. ಇವನ ಕೈ ಸುಟ್ಟಿದ್ದು ನಾನೇ."

ಮಾನಸ ಅಪ್ಪನ ಮುಖವನ್ನೇ ನೋಡಿದಳು. ಅವನ ಕೈಯಿಂದ ತಟ್ಟೆ ತೆಗೆದುಕೊಂಡು, ಗಂಡನಿಗೆ ತಾನೇ ತುತ್ತು ಹಾಕತೊಡಗಿದಳು.