ಕೊರಿಯಾದ ಧಾರಾವಾಹಿಯೂ ನಮ್ಮ ಮನೆಯ ಕೋಳಿ ಸಾರೂ

ಮೊಮ್ಮಗಳು ಮೊಬೈಲಿನಲ್ಲಿ ಕೊರಿಯಾದವರ ಧಾರಾವಾಹಿ ನೋಡುತ್ತಿದ್ದಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಕೆಳಗೆ ಓಡುವ ಇಂಗ್ಲಿಷ್ ನನಗೆ ದಕ್ಕುವುದಲ್ಲ. ಅವಳು ಓದಿ ಹೇಳುತ್ತಿದ್ದಳು, ನಾನು ಅವರೆಕಾಯಿ ಸುಲಿಯುತ್ತ ಮುಖಗಳನ್ನು ನೋಡುತ್ತಿದ್ದೆ.

ಕಥೆ ದೊಡ್ಡದೇನಲ್ಲ. ಹೋಟೆಲು ಇಟ್ಟುಕೊಂಡ ಹುಡುಗಿಯನ್ನು ಒಬ್ಬ ಮೆಚ್ಚುತ್ತಾನೆ. ಅವನ ತಾಯಿ ಬೇಡ ಎನ್ನುತ್ತಾಳೆ. ಅವನು ತುಟಿ ಬಿಚ್ಚದೆ ಹೊರಟುಹೋಗುತ್ತಾನೆ. ಕೊನೆಗೆ ಹಿಮ ಬೀಳುವಾಗ ಬಂದು ಅವಳ ಹೋಟೆಲಿನಲ್ಲಿ ಕೂರುತ್ತಾನೆ. ಅವಳು ಮೇಜಿನ ಮೇಲೆ ಎರಡು ಬಟ್ಟಲು ಇಟ್ಟು ಅವನ ಮುಖ ನೋಡುತ್ತಾಳೆ. ಅಷ್ಟಕ್ಕೇ ಮುಗಿಸಿಬಿಟ್ಟರು.

"ಎರಡು ಬಟ್ಲು ಇಟ್ಲಲ್ಲಜ್ಜಿ. ಒಪ್ಕೊಂಡ್ಬುಟ್ಲು ಅಂತ ಅರ್ಥ," ಎಂದಳು ಮೊಮ್ಮಗಳು.

"ಅವ್ಳದು ಓಟ್ಲು ಕಣೆ. ಉಣ್ಣಾಕ್ ಬಂದೋರ್ನೆಲ್ಲ ಒಪ್ಕೊಂಡಂಗಾ? ಉಣ್ಣಾಕ್ ಇಕ್ಕಿ ಕಾಸು ಇಸ್ಕಂಡು ಕಳುಸ್ತಾಳೆ."

ಅವಳು ನಗಲಿಲ್ಲ. ಅವಳ ಮನಸ್ಸು ಎಲ್ಲಿತ್ತೆಂದು ನನಗೆ ಗೊತ್ತಿತ್ತು. ಕೆ.ಆರ್. ಪೇಟೆ ಕಡೆಯ ಒಂದು ಮನೆಯವರು ಅವಳನ್ನು ಒಪ್ಪಿ, ತಾಂಬೂಲ ಬದಲಾಯಿಸಿಕೊಂಡು, ಆಮೇಲೆ ನಾಗಮಂಗಲದಲ್ಲಿ ಕೆಲಸದಲ್ಲಿರುವ ಹುಡುಗಿ ಸಿಕ್ಕಳೆಂದು ಬಿಟ್ಟಿದ್ದರು. ಬಿಟ್ಟಿದ್ದಕ್ಕೆ ನನಗೆ ಅಷ್ಟು ಸಿಟ್ಟಿಲ್ಲ. ಹುಡುಗನ ತಾಯಿ ಹೊಸಹೊಳಲಿನ ನೆಂಟರ ಮನೆಯಲ್ಲಿ ಕೂತು, ನಮ್ಮ ಹುಡುಗಿಯ ಕಾಲ್ಗುಣ ಸರಿಯಿಲ್ಲ, ಮಾತಾಗುತ್ತಲೇ ತಮ್ಮ ಸೀಮೆಹಸು ಸತ್ತಿತು ಎಂದಿದ್ದಳು. ಆ ಮಾತು ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಕಿವಿಗೆ ಬಿತ್ತು. ಅವತ್ತಿನಿಂದ ಆ ಹೆಂಗಸಿಗಾಗಿ ಕಾಯುತ್ತಿದ್ದೆ.

ನಾಗಮಂಗಲದವರು ಇವರಿಗೆ ಕೈಕೊಟ್ಟರು. ಈಗ ಭಾನುವಾರ ಮತ್ತೆ ನಮ್ಮ ಮನೆಗೆ ಬರುತ್ತೇವೆಂದು ಹೇಳಿಕಳಿಸಿದ್ದರು. ಮೊಮ್ಮಗಳು ಬೇಡ ಎನ್ನಲಿಲ್ಲ. ಬಟ್ಟಲು ಲೆಕ್ಕ ಹಾಕುವವಳು ಹೇಗೆ ಬೇಡ ಎಂದಾಳು?

ನಮ್ಮಲ್ಲಿ ಸಂಬಂಧ ಕುದುರುವವರೆಗೆ ಗಂಡಿನ ಕಡೆಯವರು ಹೆಣ್ಣಿನ ಮನೆಯಲ್ಲಿ ಉಣ್ಣುವುದಿಲ್ಲ. ಕಾಫಿ ಕುಡಿದರೆ ಮಾತು ಇನ್ನೂ ಇದೆ ಎಂದು, ಕೂತು ಉಂಡರೆ ಸಂಬಂಧ ಗಟ್ಟಿಯಾಯಿತು ಎಂದು. ಹಾಗಾಗಿ ಅವಳಿಗೆ ಒಂದೇ ಮಾತು ಹೇಳಿದೆ: "ಅಡಿಗೆ ನಾನ್ ಮಾಡ್ತೀನಿ. ಬಡಿಸೋದು ಬುಡೋದು ನೀನೇಳು."

ಭಾನುವಾರ ಬೆಳಿಗ್ಗೆ ನಾಟಿ ಕೋಳಿ ಕುಯ್ಯಿಸಿದೆ. ಮಸಾಲೆಯನ್ನು ಒರಳಲ್ಲೇ ಅರೆದೆ. ಅವರು ಉಣ್ಣಲಿ ಬಿಡಲಿ, ಮೂಗಿಗಂತೂ ಹೊಡೆಯಬೇಕಿತ್ತು.

ಅವರ ಕಾರು ಬಂದಾಗ ಸಾರು ಕುದಿಯುತ್ತಿತ್ತು. ಹುಡುಗನ ತಾಯಿ ಜಗಲಿಯಲ್ಲೇ ಮೂಗರಳಿಸಿದಳು. ಅವಳ ಲೆಕ್ಕ ಅಲ್ಲೇ ತಪ್ಪಿತು. ಇವರು ಕೋಳಿ ಬೇಯಿಸಿದ್ದಾರೆ ಎಂದರೆ ತಾವಾಗಿಯೇ ಒಪ್ಪಿದ್ದಾರೆ ಎಂದುಕೊಂಡಳು. ಆಗಿದ್ದಾಯಿತು, ಮಕ್ಕಳ ಋಣ ಯಾರಿಂದ ತಪ್ಪಿಸಲಾಗುತ್ತದೆ ಎಂದೆಲ್ಲ ಉಸುರಿದಳು. ಸೀಮೆಹಸುವಿನ ಸುದ್ದಿ ಎತ್ತಲಿಲ್ಲ. ಮೊಮ್ಮಗಳು ತಂದಿಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು, "ಉಣ್ಣೋ ಒತ್ತಾಯ್ತು, ಕೈ ತೊಳ್ಕತೀನಿ ದೊಡ್ಡವ್ವ," ಎಂದು ತಾನೇ ಬಚ್ಚಲಿಗೆ ಹೋದಳು.

ನಾನು ಮೊಮ್ಮಗಳ ಮುಖ ನೋಡಿದೆ. ಅವಳು ಹುಡುಗನ ಎದುರಿಗೆ ಹೋಗಿ ನಿಂತಳು.

"ನಿಮ್ಮವ್ವ ನನ್ ಕಾಲ್ಗುಣ ಸರಿಯಿಲ್ಲ ಅಂದಾಗ ನೀವೇನಂದ್ರಿ?"

ಹುಡುಗ ಲೋಟ ತಿರುಗಿಸಿದ. "ದೊಡ್ಡೋರ್ ಮಾತ್ಗೆ ನಾನೇನನ್ಲಿ? ಈಗ ಅವ್ವನೇ ಒಪ್ಪವ್ಳಲ್ಲ."

ಮೊಮ್ಮಗಳು ಅವನ ಕೈಯಿಂದ ಲೋಟ ಇಸಿದುಕೊಂಡಳು.

"ಅಜ್ಜಿ, ಕಾಫಿ ಸಾಕು, ಬಡಿಸ್ಬ್ಯಾಡ," ಎಂದು ಒಳಗೆ ಹೋದಳು.

ಆ ಹೊತ್ತಿಗೆ ಅವನ ತಾಯಿ ಒದ್ದೆ ಕೈ ಹಿಡಿದುಕೊಂಡು ಬಚ್ಚಲಿಂದ ಬಂದಳು. ನಾನು ಟವೆಲು ಕೊಡಲಿಲ್ಲ. "ಕೋಳಿ ಬೇಯ್ಸಿರೋದು ನಮ್ ಮನೆಯೋರ್ಗೆ ಕಣವ್ವ," ಎಂದೆ. "ನಿಮ್ ಕೊಟ್ಟಿಗೇಲಿ ಇನ್ನೂ ಅಸ ಅವೆ. ಅವುಕೇನಾದ್ರೂ ಆದ್ರೆ ನಮ್ ಉಡ್ಗಿ ಮ್ಯಾಲೆ ಬರ್ತದೆ. ಒತ್ತಾಗೋಕ್ ಮುಂಚೆ ಒಲ್ಡಿ."

ಅವಳ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. ರೇಷ್ಮೆ ಸೀರೆಗೇ ಕೈ ಒರೆಸಿಕೊಂಡು ಕಾರು ಹತ್ತಿದಳು. ಕಾರು ಬೀದಿ ದಾಟುವವರೆಗೂ ನಾನು ಜಗಲಿ ಬಿಟ್ಟು ಅಲ್ಲಾಡಲಿಲ್ಲ. ಅಕ್ಕಪಕ್ಕದವರು ನೋಡಲಿ ಎಂದೇ ನಿಂತಿದ್ದೆ.

ಒಳಗೆ ಮೊಮ್ಮಗಳು ಗೋಡೆ ಕಡೆ ತಿರುಗಿ ಅಳುತ್ತಿದ್ದಳು. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಬಿಸಿ ಮುದ್ದೆ ಕಟ್ಟಿದೆ. ಮನೆಗೆ ಅಳಿಯನಾಗುವವನಿಗೆಂದು ಎತ್ತಿಡುವ ಕಾಲಿನ ತುಂಡನ್ನು ಅವಳ ತಟ್ಟೆಗೇ ಹಾಕಿ ಮುಂದೆ ತಳ್ಳಿದೆ. ಅತ್ತುಕೊಂಡೇ ತಿಂದಳು, ಮೂಳೆಯನ್ನೂ ಬಿಡಲಿಲ್ಲ.