ಮಗ್ಗದವರ ಮಾತು

ಐವತ್ತರ ದಶಕದಲ್ಲಿ ನಾವಿದ್ದದ್ದು ಮಾಗಡಿ ರಸ್ತೆಯ ವಠಾರದಲ್ಲಿ. ಅಪ್ಪ ಬಟ್ಟೆ ಮಿಲ್ಲಿನಲ್ಲಿ ಮಗ್ಗ ನಡೆಸುತ್ತಿದ್ದರು. ಆ ಗದ್ದಲದಲ್ಲಿ ಕೂಗಿದರೂ ಕೇಳದು. ಅಲ್ಲಿಯವರು ದನಿ ತೆಗೆಯದೆ ಬರೀ ತುಟಿಯಾಡಿಸಿ ಮಾತಾಡುತ್ತಿದ್ದರು.

"ಈ ಹಾಳು ಮಿಲ್ ಬಿಟ್ಟ ದಿನ ಹಬ್ಬ ಮಾಡ್ತೀನಿ" ಎಂದು ಅಪ್ಪ ದಿನಾ ಗೊಣಗುತ್ತಿದ್ದರು.

ಅವರ ಪಕ್ಕದ ಮಗ್ಗದವರೇ ನಮ್ಮ ಎದುರು ಮನೆಯವರು. ಅವರು ವಯಸ್ಸಾಗುವ ಮೊದಲೇ ಕೆಲಸ ಬಿಟ್ಟು, ವಠಾರಕ್ಕೆಲ್ಲ ಮೈಸೂರು ಪಾಕು ಹಂಚಿದರು. ತಿಂಗಳು ಕಳೆಯುವಷ್ಟರಲ್ಲಿ ಜಗಲಿಯಲ್ಲಿ ಒಬ್ಬರೇ ಕೂತು, ಯಾರೂ ಇಲ್ಲದ ಕಡೆ ತುಟಿಯಾಡಿಸತೊಡಗಿದರು. ಹೆಂಡತಿ ಕರೆದರೆ ತಿರುಗುತ್ತಲೂ ಇರಲಿಲ್ಲ.

ಒಂದು ಭಾನುವಾರ ಅಮ್ಮ ಅಪ್ಪನನ್ನು ಕೇಳಿದರು: "ಬಿಡ್ತೀನಿ ಬಿಡ್ತೀನಿ ಅಂತಿದ್ರಲ್ಲ, ಯಾವಾಗ?"

ಅಪ್ಪ ಎದುರಿನ ಜಗಲಿಯನ್ನೇ ನೋಡುತ್ತ ಉತ್ತರಿಸಿದರು. ತುಟಿ ಆಡಿತು, ದನಿ ಬರಲಿಲ್ಲ.

ನಮಗೆ ಯಾರಿಗೂ ತಿಳಿಯಲಿಲ್ಲ. ಜಗಲಿಯ ಮೇಲಿದ್ದವರು ಮಾತ್ರ ತಲೆಯಾಡಿಸಿದರು.