ಬರಿ ಚೀಲ ಕಳಿಸಬಾರದು

ಈ ಭಾನುವಾರ ಬಾಗಿಲು ತೆಗೆಯುವ ಮೊದಲೇ ಅವರೆಕಾಯಿ ಬಂದಿದೆಯೆಂದು ನನಗೆ ಗೊತ್ತಾಯಿತು. ಸೊಗಡಿನ ಅವರೆಯ ಗುಣವೇ ಅಂಥದ್ದು, ತಾನು ಒಳಗೆ ಬರುವ ಮುಂಚೆ ವಾಸನೆಯನ್ನು ಕಳಿಸಿ ಮನೆಯವರನ್ನು ಎಬ್ಬಿಸುತ್ತದೆ. ಆಟೋ ನಸೀರ್ ಇಟ್ಟುಹೋದ ಬಟ್ಟೆಯ ಚೀಲ ಬಾಗಿಲ ಪಕ್ಕ ಗೋಡೆಗೊರಗಿ ಕೂತಿತ್ತು. ಮೇಲೆ ದಂಟಿನ ಸೊಪ್ಪು, ಕೆಳಗೆ ನಾಲ್ಕಾರು ಬದನೆಕಾಯಿ, ಮಿಕ್ಕಿದ್ದೆಲ್ಲ ಅವರೆ. ನಾನಿನ್ನೂ ಅದನ್ನು ಒಳಗೆ ತಂದಿರಲಿಲ್ಲ, ಸಂಜೆ ಈ ಚೀಲ ವಾಪಸ್ ಹೋಗುವಾಗ ಒಳಗೆ ಏನು ಹಾಕಲಿ ಎಂದು ಆಗಲೇ ಯೋಚನೆ ಹತ್ತಿತು. ಇದು ನನ್ನ ಹುಟ್ಟುಗುಣವಲ್ಲ. ನನಗೆ ಇದನ್ನು ಅಂಟಿಸಿಹೋದವರು ನನ್ನ ಅತ್ತೆ.

ಯಾವ ಚೀಲ, ಏನು ಕಥೆ ಎಂದು ನೀವು ಕೇಳುವುದು ನ್ಯಾಯ. ನಮ್ಮದು ಶ್ರೀರಂಗಪಟ್ಟಣದ ಕೋಟೆಯೊಳಗಿನ ಮನೆ. ಯಜಮಾನರಿಗೆ ಪಾಂಡವಪುರದ ಒಂದು ಕಚೇರಿಯಲ್ಲಿ ಗುಮಾಸ್ತಿಕೆ. ಕೆಲವು ವರ್ಷದ ಹಿಂದೆ ಒಂದು ಸಂಜೆ ಅವರು ಮುಖವರಳಿಸಿಕೊಂಡು ಬಂದು ಒಂದು ಸುದ್ದಿ ಹೇಳಿದರು. ತೊಣ್ಣೂರಿನಲ್ಲಿ ಜಯಮ್ಮ ಎಂಬ ರೈತ ಹೆಂಗಸು ಕೆರೆಯ ನೀರಿನಲ್ಲಿ ತರಕಾರಿ ಬೆಳೆಯುತ್ತಾಳೆ. ಹಂಗಾಮು ಶುರುವಾಗುವಾಗಲೇ ಕೆಲವು ಮನೆಯವರು ಸೇರಿ ಅವಳಿಗೆ ಹಣ ಕೊಟ್ಟುಬಿಡುವುದು, ಹೊಲ ಏನು ಕೊಡುತ್ತದೋ ಅದರಲ್ಲಿ ಒಂದೊಂದು ಪಾಲು ಪ್ರತಿ ಭಾನುವಾರ ಮನೆಗೆ ಬರುವುದು. ಇಂಥದ್ದೇ ಬೇಕು ಎನ್ನುವ ಹಾಗಿಲ್ಲ, ಬಂದದ್ದನ್ನು ಬೇಯಿಸಬೇಕು. ಯಜಮಾನರು ಇದನ್ನು ಹೇಳಿದ ಠೀವಿ ನೋಡಿದರೆ ಅವರೇ ನೇಗಿಲು ಹೂಡಿ ಬಂದಂತಿತ್ತು. ಅವರು ಒಲೆ ಹಚ್ಚಿದ್ದನ್ನು ನಾನಂತೂ ಕಂಡವಳಲ್ಲ.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು ಅಂದರು: "ಅಲ್ಲ ಕಣ್ಲಾ, ಏನ್ ಬತ್ತದೆ ಅಂತ ಗೊತ್ತಿಲ್ದೆ ಮೊದ್ಲೇ ದುಡ್ ಕೊಟ್ಬುಟ್ಯಾ? ನೀನು ತರ್ಕಾರಿ ತತ್ತಾ ಇದ್ದೀಯೋ, ಮದ್ವೆ ಮಾಡ್ಕತಾ ಇದ್ದೀಯೋ?"

ಹೀಗೆ ಹೇಳಿ ಅವರು ನೋಡಿದ್ದು ನನ್ನ ಕಡೆಗೆ. ನಾನು ಸಾರಿನ ಕಡೆ ನೋಡಿದೆ.

ನನ್ನ ಅತ್ತೆ ಬಿಂಡಿಗನವಿಲೆ ಕಡೆಯವರು. ಅಲ್ಲಿ ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಮೋಡ ನೋಡುವುದು. ಹೀಗಾಗಿ ನೀರಾವರಿಯಲ್ಲಿ ಬೆಳೆದ ಯಾವುದನ್ನೂ ಅವರು ಪೂರ್ತಿ ನಂಬುತ್ತಿರಲಿಲ್ಲ. ಮೊದಲ ಚೀಲ ಬಂದ ದಿನ ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲವನ್ನೂ ಸುರಿದುಕೊಂಡು, ಹೆಣ್ಣು ನೋಡಲು ಬಂದವರ ಹಾಗೆ ಒಂದೊಂದನ್ನೇ ತಿರುಗಿಸಿ ನೋಡಿದರು. "ಕೆರೆ ನೀರ್ ಕುಡ್ಕಂಡು ಕೊಬ್ಬವೆ. ರುಚಿ ಎಲ್ಲಿಂದ ಬಂದಾತು?" ಎಂಬುದು ಬದನೆಕಾಯಿಗೆ ಸಿಕ್ಕ ತೀರ್ಪು. ಆ ರಾತ್ರಿ ಅದೇ ಬದನೆಕಾಯಿಯ ಎಣ್ಣೆಗಾಯಿಯನ್ನು ಎರಡು ಸಲ ಹಾಕಿಸಿಕೊಂಡರು. ಅದನ್ನು ಎತ್ತಿ ಆಡುವಷ್ಟು ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ನನ್ನ ತವರು ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿ. ಸಕ್ಕರೆ ಕಾರ್ಖಾನೆಯ ಊರು. ಆ ಕಾರ್ಖಾನೆಯಿಂದ ಯಾರಿಗೆ ಏನು ಲಾಭವಾಯಿತೋ ತಿಳಿಯದು, ನನಗಂತೂ ಅತ್ತೆಯ ಮನೆಯಲ್ಲಿ ಒಂದು ಶಾಶ್ವತವಾದ ಕುಂದಾಯಿತು. ಮದುವೆಯಾಗಿ ಬಂದ ಹೊಸದರಲ್ಲಿ ಸಾರಿಗೆ ಚೂರು ಬೆಲ್ಲ ಹಾಕಿದ್ದೆ, ಅಷ್ಟೇ. "ಸಕ್ರೆ ಫ್ಯಾಕ್ಟ್ರಿ ಊರೋಳು ಕಣವ್ವ ನೀನು, ಕಾರದ್ ತಂಟೆಗ್ ಬರ್ಬ್ಯಾಡ" ಎಂದರು. ಅಂದಿನಿಂದ ಮುದ್ದೆ ತಿರುವಿದೆ, ಮಸ್ಸೊಪ್ಪು ಮಸೆದೆ, ಅವರೆಕಾಳು ಹಿದುಕಿ ಉಗುರು ಕಪ್ಪಾಗಿಸಿಕೊಂಡೆ, ಆದರೆ ಉಪ್ಸಾರಿನ ಖಾರ ಅರೆಯಲು ಮಾತ್ರ ಅಪ್ಪಣೆಯಿರಲಿಲ್ಲ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಳೋ ಸೊಪ್ಪೋ ಬೇಯಿಸಿ ಬಸಿದ ನೀರಿಗೆ ಉಪ್ಪು ಹಾಕಿದರೆ ಉಪ್ಸಾರು, ಆದರೆ ಅದಕ್ಕೆ ಜೀವ ಬರುವುದು ತಟ್ಟೆಯಲ್ಲಿ ಕಲೆಸಿಕೊಳ್ಳುವ ಖಾರದಿಂದ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆ, ಕಲ್ಲುಪ್ಪು. ಎಲ್ಲರ ಮನೆಯಲ್ಲೂ ಅವೇ ಸಾಮಾನು, ಎಲ್ಲರ ಮನೆಯಲ್ಲೂ ಬೇರೆ ರುಚಿ. ಅಳತೆ ಕೇಳಿದರೆ "ಕೈಗೆ ಗೊತ್ತಾಯ್ತದೆ ಬುಡು" ಎನ್ನುತ್ತಿದ್ದರು. ಯಾರ ಕೈಗೆ ಎಂದು ಕೇಳುವುದು ಬೇಕಿರಲಿಲ್ಲ.

ಆ ಮೊದಲ ಭಾನುವಾರ ಸಂಜೆ ನಸೀರ್ ಖಾಲಿ ಚೀಲ ಕೇಳಲು ಬಂದ. ಮುಂದಿನ ವಾರ ಅದರಲ್ಲೇ ತುಂಬಿಸಿ ತರುವುದು ಏರ್ಪಾಟು. ನಾನು ಮಡಿಸಿ ಕೊಡಲು ಹೋದೆ. ಅತ್ತೆ ಹೌಹಾರಿಬಿಟ್ಟರು. "ಬರಿ ಚೀಲ ಕಳ್ಸೀಯಾ? ತುಂಬ್ಕಂಡ್ ಬಂದುದ್ದ ಬರಿದು ಮಾಡ್ಕಂಡ್ ಕಳ್ಸುದ್ರೆ ನಾಳೆ ಆ ತಾಯಿ ಒಲ ತುಂಬ್ತದಾ?" ಇದು ವ್ಯವಹಾರ, ಹಣ ಕೊಟ್ಟಾಗಿದೆ ಎಂದು ಯಜಮಾನರು ಬಿಡಿಸಿ ಹೇಳಿದರು. ಅತ್ತೆ ಕಾಫಿಪುಡಿಯ ಹಳೇ ಬಾಟಲಿಯಲ್ಲಿ ಖಾರ ತುಂಬಿ, ಮುಚ್ಚಳ ಬಿಗಿದು, ಚೀಲದ ತಳದಲ್ಲಿಟ್ಟು ಕಳಿಸಿಯೇ ಕಳಿಸಿದರು.

ಆದರೆ ಬರಿ ಚೀಲ ಕಳಿಸಬಾರದೆನ್ನುವುದು ತೊಣ್ಣೂರಿನಲ್ಲೂ ಗೊತ್ತಿರುವ ನೀತಿಯೇ. ಮುಂದಿನ ವಾರ ಆ ಬಾಟಲಿ ಜೋನಿಬೆಲ್ಲ ತುಂಬಿಕೊಂಡು ಬಂತು. ಇನ್ನು ನಮ್ಮ ಮನೆಯವರು ಸುಮ್ಮನಿರುವುದುಂಟೆ? ಖಾರದ ಜೊತೆ ಹುರಳಿಕಾಳು ಹೋಯಿತು. ಅಲ್ಲಿಂದ ಪಾಲಿನ ಮೇಲೆ ನುಗ್ಗೆಸೊಪ್ಪು ಬಂತು. ಇಲ್ಲಿಂದ ಅರಿಶಿನ ಕುಂಕುಮ, ಅಲ್ಲಿಂದ ಗಿಣ್ಣು ಹಾಲು. ಕೊನೆಗೊಂದು ದಿನ ನಸೀರ್ ಚೀಲ ಇಳಿಸಿ ಸೊಂಟ ಹಿಡಿದುಕೊಂಡ. "ಅರೆ ಅಮ್ಮಾ, ನಾನು ತರ್ಕಾರಿ ತತ್ತಾ ಇದ್ದೀನಾ, ಬೀಗ್ರ ಬುತ್ತಿ ಒರ್ತಾ ಇದ್ದೀನಾ?" ಅತ್ತೆಗೆ ಆ ಮಾತು ಬಹಳ ಹಿಡಿಸಿತು. ಅಂದಿನಿಂದ ಜಯಮ್ಮ "ನಮ್ ತೊಣ್ಣೂರ್ ಬೀಗಿತ್ತಿ" ಆದಳು. ಮಾಕವಳ್ಳಿಯ ನಿಜವಾದ ಬೀಗಿತ್ತಿ, ಅಂದರೆ ನನ್ನ ಅಮ್ಮ, ಇದನ್ನು ಕೇಳಿ ಕೆಲವು ದಿನ ಫೋನು ಮಾಡಲಿಲ್ಲ.

ಅತ್ತೆಯೂ ಜಯಮ್ಮನೂ ಒಬ್ಬರನ್ನೊಬ್ಬರು ನೋಡಿರಲಿಲ್ಲ ಎಂಬುದನ್ನು ನೆನಪಿಡಿ. ಇದ್ದದ್ದು ನಸೀರನ ಬಾಯಿ ಮತ್ತು ಆ ಚೀಲ. ಸೋರೆಕಾಯಿ ಕಾಲದಲ್ಲಿ ಭಾನುವಾರದ ಮೇಲೆ ಭಾನುವಾರ ಸೋರೆಕಾಯಿಯೇ ಬಂತು. ಪಲ್ಯ, ಹುಳಿ, ದೋಸೆ, ಪಾಯಸ ಎಲ್ಲ ಆಗಿ, ಯಜಮಾನರು ಸಂಜೆ ಬಸ್‌ಸ್ಟ್ಯಾಂಡಿನ ಕಡೆ ವಾಕಿಂಗ್ ಹೋಗತೊಡಗಿದರು. ಬಂದಾಗ ಅಂಗಿಯಿಂದ ಮಸಾಲೆಪುರಿ ವಾಸನೆ ಬರುತ್ತಿತ್ತು. ಪಾಲು ಬಿಟ್ಟುಬಿಡೋಣವೇ ಎಂದು ಮೆಲ್ಲಗೆ ಕೇಳಿದವರೂ ಅವರೇ. ಅತ್ತೆ ಬಿಡಲಿಲ್ಲ. "ಒಲ ಕೊಟ್ಟುದ್ದ ಉಣ್ಬೇಕು ಕಣ್ಲಾ. ಸೋರೆಕಾಯಿ ಬ್ಯಾಡ ಅಂದೋರ್ಗೆ ಅವ್ರೆಕಾಯಿ ಯಾಕ್ ಕೊಟ್ಟಾತು?"

ಒಮ್ಮೆ ಅತ್ತೆ ನಾಗಮಂಗಲಕ್ಕೆ ತಂಗಿಯ ಮನೆಗೆ ಹೋಗಿದ್ದರು. ಭಾನುವಾರ ಬಂತು. ಖಾರ ನಾನೇ ಮಾಡಿದರಾಯಿತೆಂದು ಅವೇ ಸಾಮಾನುಗಳನ್ನು ಮಿಕ್ಸಿಗೆ ಹಾಕಿ ತಿರುಗಿಸಿ ಕಳಿಸಿಬಿಟ್ಟೆ. ಮುಂದಿನ ವಾರ ನಸೀರ್ ಬಂದವನೇ ಕೇಳಿದ: "ದೊಡ್ಡವ್ವ ಊರಲ್ಲಿಲ್ವಾ, ಮೈಗ್ ಉಷಾರಿಲ್ವಾ ಅಂತ ಜಯಮ್ಮ ಕೇಳುದ್ರು." ಅಷ್ಟೊತ್ತಿಗೆ ಊರಿಂದ ಬಂದಿದ್ದ ಅತ್ತೆ ಒಳಗಿನಿಂದಲೇ ಕೇಳಿಸಿಕೊಂಡರು. ಆ ದಿನವೆಲ್ಲ ನಕ್ಕರು. ಸೊಪ್ಪು ಬಿಡಿಸುತ್ತ ನಕ್ಕರು, ಎಲೆಯಡಿಕೆ ಹಾಕಿಕೊಳ್ಳುತ್ತ ನಕ್ಕರು. ನಾನೂ ನಕ್ಕೆ, ಆದರೆ ನನಗೆ ನೋವಾಗಿತ್ತು. ಇಷ್ಟು ವರ್ಷ ಆ ಅಡುಗೆಮನೆಯಲ್ಲಿ ಬೆಂದ ನನ್ನ ಕೈಗೆ ಅಲ್ಲಿ ಹೆಸರಿಲ್ಲವಲ್ಲ ಎನ್ನಿಸಿತು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲವೂ ಬಂತು, ಆದರೆ ಹಿತ್ತಿಲ ಬಾಗಿಲಿಂದ ಕದ್ದು ಬಂತು. ಒಂದು ಶನಿವಾರ ಸಂಜೆ ಹಿತ್ತಿಲಲ್ಲಿ ಒರಳಿನ ಸದ್ದು ಕೇಳಲಿಲ್ಲ. ಹೋಗಿ ನೋಡಿದರೆ ಅತ್ತೆ ಗುಂಡನ್ನು ಹಿಡಿದು ಸುಮ್ಮನೆ ಕೂತಿದ್ದರು. ಮಣಿಕಟ್ಟು ತಿರುಗುತ್ತಿರಲಿಲ್ಲ. ಡಾಕ್ಟರ ಹತ್ತಿರ ಹೋಗೋಣವೆಂದೆ. "ಅವ್ನಿಗ್ ಏಳ್ಬ್ಯಾಡ. ಏಳುದ್ರೆ ಮಿಕ್ಸಿಗಾಕು ಅಂತಾನೆ. ಬಾ, ಕೂತ್ಕೊ" ಎಂದು ಪಕ್ಕಕ್ಕೆ ಸರಿದರು. ಅಪ್ಪಣೆ ಸಿಕ್ಕಿದ್ದು ಹಾಗೆ. ಅಂದಿನಿಂದ ಪ್ರತಿ ಶನಿವಾರ ಅರೆಯುವುದು ನಾನು, ಬೈಯುವುದು ಅವರು. "ಬೆಳ್ಳುಳ್ಳಿ ಈಗ್ಲೇ ಯಾಕಾಕ್ದೆ? ಮೆಣಸ್ನಕಾಯಿ ನುರೀಲಿ. ನೀರ್ ಚುಮುಕ್ಸು, ಉಯ್ಬ್ಯಾಡ. ಒರಳಿಗೆ ಸ್ನಾನ ಮಾಡುಸ್ತಾ ಇದ್ದೀಯಾ?" ಬೀದಿಯ ತುದಿಯಲ್ಲಿ ಯಜಮಾನರ ಸ್ಕೂಟರ್ ಸದ್ದಾದ ಕೂಡಲೇ "ಏಳೆ, ಏಳೆ" ಎಂದು ನನ್ನನ್ನು ತಳ್ಳಿ ಅವರು ಒರಳಿನ ಮುಂದೆ ಕೂರುತ್ತಿದ್ದರು. ನಾನು ಬಟ್ಟೆ ಎತ್ತುವವಳಂತೆ ತಂತಿಯ ಕಡೆ ಓಡುತ್ತಿದ್ದೆ. "ಅವ್ವ, ಈ ವಯ್ಸಲ್ಲೂ ನೀನೇ ಅರೀಬೇಕಾ? ಇವ್ಳು ಏನ್ ಮಾಡ್ತಾಳೆ?" ಎಂದು ಯಜಮಾನರು ಮರುಗುತ್ತಿದ್ದರು. ಖಾರ ಮೆತ್ತಿದ ಕೈ ಸೀರೆಯ ಹಿಂದೆ ಉರಿಯುತ್ತಿದ್ದಾಗ ಈ ಮಾತು ಕೇಳುವುದು ಹೇಗಿರುತ್ತದೆ, ನೀವೇ ಹೇಳಿ.

ಮೊದಲ ಸಲ ನಾನು ಅರೆದದ್ದು ಚೀಲದಲ್ಲಿ ಹೋದ ವಾರ ನಾವಿಬ್ಬರೂ ಪರೀಕ್ಷೆ ಬರೆದ ಮಕ್ಕಳ ಹಾಗಿದ್ದೆವು. ಭಾನುವಾರ ನಸೀರ್ ಚೀಲ ಇಳಿಸಿ ಹೇಳಿದ: "ದೊಡ್ಡವ್ವನ ಕಾರ ಈ ಸಲ ಬೋ ಸಂದಾಗಿತ್ತಂತೆ. ಜಯಮ್ಮ ಏಳು ಅಂದ್ರು." ಅವನು ಹೋದಮೇಲೆ ನಾನು ಅತ್ತೆಯ ಮುಖ ನೋಡಿದೆ. ಗೆದ್ದೆನೆಂಬ ಖುಷಿಯಿತ್ತು, ಆದರೆ ಅವರು ತಮ್ಮ ಮಣಿಕಟ್ಟನ್ನು ಸವರಿಕೊಳ್ಳುತ್ತಿದ್ದುದನ್ನು ಕಂಡು ಆ ಖುಷಿ ಅರ್ಧವಾಯಿತು. ಸವರಿಕೊಳ್ಳುತ್ತಲೇ ಅಂದರು: "ಉಪ್ಪು ಒಂದ್ ಕಲ್ಲು ಮುಂದಾಗಿತ್ತು. ಅವ್ಳಿಗೇನ್ ಗೊತ್ತಾಯ್ತದೆ, ಕೆರೆ ನೀರೋಳು."

ಹೋದ ವರ್ಷ ಅವರೆ ಹೂವಿಗೆ ಬರುವ ಕಾಲದಲ್ಲಿ ಅತ್ತೆ ತೀರಿಕೊಂಡರು. ಮಲಗಿದವರು ಬೆಳಿಗ್ಗೆ ಏಳಲಿಲ್ಲ, ಅಷ್ಟೇ. ತಿಥಿಯ ಹಿಂದಿನ ದಿನ ಜಯಮ್ಮ ನಸೀರನ ಆಟೋದಲ್ಲಿ ತಾನೇ ಬಂದಿಳಿದಳು. ಅಡುಗೆಗೆಂದು ಕುಂಬಳಕಾಯಿ, ಬಾಳೆಕಾಯಿ, ಸೊಪ್ಪು ಹೊತ್ತು ತಂದಿದ್ದಳು. ಗೋಡೆಯ ಫೋಟೋ ನೋಡಿ, "ಇಂಗಿದ್ರಾ ನಮ್ ದೊಡ್ಡವ್ವ" ಎಂದು ಕಣ್ಣೊರೆಸಿಕೊಂಡಳು. ಹೊರಡುವಾಗ ಚೀಲ ಎತ್ತಿಕೊಂಡಳು. ಸೂತಕದ ಮನೆಯಿಂದ ಏನನ್ನೂ ಕೊಡುವ ಹಾಗಿಲ್ಲ, ಅವಳು ಹೋಗಿಬರುತ್ತೇನೆ ಎನ್ನುವ ಹಾಗೂ ಇಲ್ಲ. ಆ ಚೀಲ ನಮ್ಮ ಮನೆಯಿಂದ ಬರಿದಾಗಿ ಹೋದದ್ದು ಅದೊಂದೇ ಸಲ. ಎಲ್ಲರ ಮುಂದೆ ಅಷ್ಟು ದಿನ ಬಾರದ ಅಳು ನನಗೆ ಆಗ ಬಂತು.

ಮುಂದಿನ ಭಾನುವಾರ ಚೀಲದ ತಳದಲ್ಲಿ ಕಾಫಿಪುಡಿಯ ಬಾಟಲಿಯಿತ್ತು. ಒಳಗೆ ಎರಡು ಚಮಚದಷ್ಟು ಖಾರ. ಅತ್ತೆ ಹೋಗುವ ಮುಂಚಿನ ಭಾನುವಾರ ನಾವು ಕಳಿಸಿದ್ದು. "ದೊಡ್ಡವ್ವ ಕೊನೇಲಿ ಅರ್ದುದ್ದಂತೆ. ನಮ್ಗೆ ಉಣ್ಣಾಕ್ ಮನ್ಸ್ ಬರ್ನಿಲ್ಲ, ಮನೆಯೋರು ಒಂದೊಂದ್ ತುತ್ತು ಉಣ್ಲಿ ಅಂದ್ರು" ಎಂದ ನಸೀರ್, ತಲೆ ತಗ್ಗಿಸಿಕೊಂಡು.

ಆ ದಿನ ದಂಟಿನ ಸೊಪ್ಪಿನ ಉಪ್ಸಾರು ಮಾಡಿ ಮುದ್ದೆ ಬಡಿಸಿದೆ. ಯಜಮಾನರು ಖಾರ ಕಲೆಸಿ ಮೊದಲ ತುತ್ತು ನುಂಗಿದವರು ತಟ್ಟೆಯ ಮುಂದೆಯೇ ಅತ್ತುಬಿಟ್ಟರು. "ಅವ್ವನ್ ಕೈ ಕಣೆ. ಇನ್ನೆಲ್ ಸಿಕ್ಕದು ಈ ರುಚಿ?" ಅಂದರು. ನಾನು ನನ್ನ ಕೈಗಳನ್ನು ನೋಡಿಕೊಂಡೆ. ಹೇಳಿಬಿಡಲೇ ಎಂದು ಬಾಯಿಗೆ ಬಂತು. ಹೇಳಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಕೈಯನ್ನು ಬೈದು ಬೈದು ತಿದ್ದಿದವರು ಅವರ ಅವ್ವನೇ.

ಅಂದಿನಿಂದ ಚೀಲದಲ್ಲಿ ಬೆಲ್ಲ ಕಳಿಸಿದೆ, ತೆಂಗಿನಕಾಯಿ ಕಳಿಸಿದೆ, ಖಾರ ಕಳಿಸಲಿಲ್ಲ. ಒರಳಿನ ಮುಂದೆ ಒಬ್ಬಳೇ ಕೂರಲು ಮನಸ್ಸಾಗದೆ ಮನೆಗೂ ಮಿಕ್ಸಿಯ ಖಾರವೇ ಆಯಿತು. ಆದರೆ ಈ ಬೆಳಿಗ್ಗೆ ಸೊಗಡಿನ ಅವರೆ ಬಾಗಿಲಿಗೆ ಬಂದು ಕೂತಮೇಲೆ ಮಿಕ್ಸಿಗೆ ಕೈಹಾಕಲು ನಾಚಿಕೆಯಾಯಿತು. ಹಿತ್ತಿಲಿಗೆ ಹೋಗಿ ಒರಳು ತೊಳೆದೆ. ಮೆಣಸಿನಕಾಯಿ ನುರಿದಮೇಲೆ ಬೆಳ್ಳುಳ್ಳಿ ಹಾಕಿದೆ, ನೀರು ಚಿಮುಕಿಸಿದೆ. ಪಕ್ಕದಲ್ಲಿ ಬೈಯುವವರಿಲ್ಲದ್ದರಿಂದ ನನ್ನನ್ನು ನಾನೇ ಬೈದುಕೊಂಡೆ.

ಮಧ್ಯಾಹ್ನ ಯಜಮಾನರು ಅವರೆಕಾಳಿನ ಉಪ್ಸಾರಿಗೆ ಅದನ್ನು ಕಲೆಸಿಕೊಂಡರು. ಒಂದು ಮುದ್ದೆ ಮುಗಿಯಿತು, ಇನ್ನರ್ಧ ಹಾಕಿಸಿಕೊಂಡರು. ಬೆರಳು ನೆಕ್ಕುತ್ತ ಅಂದರು: "ಸಂದಾಗದೆ ಕಣೆ. ಆದ್ರೂ ಅವ್ವನ್ ಕಾರ ಅಲ್ಲ ಬುಡು."

ಹಿಂದೆಯಾಗಿದ್ದರೆ ಸೌಟು ಸದ್ದು ಮಾಡುತ್ತಿತ್ತು. ಈಗ ನಗು ಬಂತು. ಗೋಡೆಯ ಮೇಲಿನವರೂ ಇದನ್ನು ಕೇಳಿದ್ದರೆ ದಿನವಿಡೀ ನಗುತ್ತಿದ್ದರು.

ಸಂಜೆ ನಸೀರ್ ಬಂದ. ಬಾಟಲಿ ತುಂಬಿ ಚೀಲದ ತಳದಲ್ಲಿಟ್ಟು ಕೊಟ್ಟೆ. ಅವನು ಮುಟ್ಟಿ ನೋಡಿ ಹುಬ್ಬೇರಿಸಿದ. "ಕಾರ? ಯಾರ್ ಅರ್ದಿದ್ದು ಅಂತ ಜಯಮ್ಮ ಕೇಳೇ ಕೇಳ್ತಾರೆ ಅಕ್ಕಾ. ಏನ್ ಏಳ್ಲಿ?"

"ಸೊಸೆ ಅರ್ದುದ್ದು ಅಂತ ಏಳು" ಅಂದೆ. ಅವನು ಆಟೋ ಹತ್ತಿದಮೇಲೆ ಮತ್ತೆ ಕೂಗಿದೆ: "ನಸೀರಾ, ಉಪ್ಪು ಒಂದ್ ಕಲ್ಲು ಮುಂದಾಗದೆ, ಅದ್ನೂ ಏಳು."